ಗೆರೆ ಸೇರುವ ಮೊದಲು

ನಮ್ಮೂರಿನ ನಡುವೆ ಹೋಗುವ ರಸ್ತೆ ಎರಡು ಪಟ್ಟಿಯದಾಗಿದ್ದಾಗ ಅದನ್ನು ದಾಟಲು ಎಲೆಗೆ ಸುಣ್ಣ ಸವರುವಷ್ಟು ಹೊತ್ತು ಸಾಕಾಗಿತ್ತು. ನಾಲ್ಕು ಪಟ್ಟಿ ಮಾಡಿದರು. ಆ ಎಲೆಯನ್ನು ಅಗಿದು ಉಗಿಯುವಷ್ಟು ಹೊತ್ತಾಯಿತು. ಆರು ಪಟ್ಟಿ ಮಾಡಿದ ಮೇಲೆ ಪೂರಾ ಒಂದು ಗಂಟೆ ಹಿಡಿಯತೊಡಗಿತು, ಅದೂ ಕಾಲು ಗಟ್ಟಿಯಿದ್ದವರಿಗೆ. ಮೇಲುಸೇತುವೆ ಕಟ್ಟಿಕೊಡಿ ಎಂದು ಅರ್ಜಿ ಕೊಟ್ಟೆವು. ಕಟ್ಟಿದರು. ಅದರ ಮೇಲೂ ಅದೇ ಒಂದು ಗಂಟೆ, ಜೊತೆಗೆ ಮೆಟ್ಟಿಲು ಬೇರೆ. ಎಲ್ಲೋ ಮುಂದೆ ಹೋಗಿ ತಿರುವು ತೆಗೆದುಕೊಂಡು ಗಾಡಿಯಲ್ಲಿ ಬಂದವರಿಗೂ ಅಷ್ಟೇ ಹೊತ್ತಾಯಿತು. ಸುಖವೆಲ್ಲ ರಸ್ತೆಯ ಉದ್ದಕ್ಕೆ ಹೋಗುವವರದು. ಮೊದಲು ಒಂದಿಡೀ ಹಗಲು ತಿನ್ನುತ್ತಿದ್ದ ರಾಜಧಾನಿ ಈಗ ಎರಡು ತಾಸಿಗೆ ಬಂದುಬಿಡುತ್ತದಂತೆ. ನನಗೇನಾಗಬೇಕು, ರಾಜಧಾನಿಯಲ್ಲಿ ನನ್ನ ಮಾವನ ಮನೆ ಇದೆಯೇ?

ಊರು ಹೇಗೋ ಹೊಂದಿಕೊಂಡಿತು. ಈಕಡೆಯ ಅಕ್ಕ ಆಕಡೆಯ ತಂಗಿಗೆ ಬಿಸಿ ಸಾರು ಕಳಿಸುವುದು ನಿಂತು ಚಟ್ನಿಪುಡಿ ಕಳಿಸುವುದು ಶುರುವಾಯಿತು. ಹೆಣ್ಣು ನೋಡಲು ಹೋಗುವವರು ಬುತ್ತಿ ಕಟ್ಟಿಕೊಂಡು ಹೋದರು. ಆಕಡೆಯ ಕ್ಷೌರಿಕ ವಾರಕ್ಕೊಮ್ಮೆ ಬಂದು ಈಕಡೆಯ ಗಡ್ಡಗಳನ್ನೆಲ್ಲ ಒಂದೇ ದಿನ ಮುಗಿಸಿ ಹೋಗತೊಡಗಿದ. ಆದರೆ ದಾಟುವುದಕ್ಕೆ ಒಂದು ಪದ್ಧತಿ ಬೇಕಾಯಿತು. ನೇರ ಇಟ್ಟ ಹೆಜ್ಜೆಯನ್ನು ಮಾತ್ರ ಆ ರಸ್ತೆ ಒಪ್ಪುತ್ತದೆ. ಓರೆ ನಡೆದರೆ ಕಾಲು ಸವೆಯುತ್ತದೆಯೇ ಹೊರತು ದಡ ಹತ್ತಿರ ಬರುವುದಿಲ್ಲ. ನಡುರಸ್ತೆಯಲ್ಲಿ ನಿಂತರೆ ಎರಡೂ ಕಡೆ ಡಾಂಬರಿನ ಮೇಲೆ ಬಿಸಿಲು ಕುಣಿಯುವುದು ಬಿಟ್ಟು ಬೇರೇನೂ ಕಾಣುವುದಿಲ್ಲ. ಅದಕ್ಕೇ ಮನೆಯವರೊಬ್ಬರು ತಮ್ಮ ಮನೆಯೆದುರಿನ ಗೂಟದ ಬಳಿ ಕೂತು ಹಿತ್ತಾಳೆ ತಟ್ಟೆ ಬಡಿಯಬೇಕು. ಒಂದೊಂದು ಮನೆಗೂ ಒಂದೊಂದು ಬಡಿತ. ನಡೆಯುವವರು ತಮ್ಮ ಮನೆಯ ಬಡಿತಕ್ಕೆ ಮುಖ ಕೊಟ್ಟು ನಡೆಯುತ್ತಾರೆ. ಬಡಿತ ನಿಂತರೆ ಗಾಡಿ ಬರುತ್ತಿದೆ ಎಂದರ್ಥ. ಆಗ ಹತ್ತಿರದ ಬಿಳಿ ಗೆರೆಯ ಮೇಲೆ ನಿಂತುಬಿಡಬೇಕು. ಗೆರೆಯ ಮೇಲೆ ನಿಂತವರನ್ನು ಗಾಡಿ ಮುಟ್ಟುವುದಿಲ್ಲ.

ನನ್ನ ಹೆಸರು ಮುದ್ದೀರಮ್ಮ. ಆಕಡೆಯ ನೂಲಿನ ಗಿರಣಿಗೆ ಹೋಗುವ ಹೆಂಗಸರ ಕೂಸುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕೂಸುಗಳನ್ನು ರಸ್ತೆಗೆ ಇಳಿಸಬಾರದು ಎಂಬುದು ಊರಿನ ಕಟ್ಟು, ಹಾಗಾಗಿ ತಾಯಂದಿರು ಬೆಳಿಗ್ಗೆ ನನ್ನ ಜಗುಲಿಯ ಮೇಲೆ ಬಿಟ್ಟು ಹೋಗುತ್ತಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಗಿರಣಿಯ ಕೂಗು ಕೇಳಿದ ಕೂಡಲೇ ನಾನು ತಟ್ಟೆ ಹಿಡಿದು ಗೂಟದ ಬಳಿ ಕೂರುತ್ತಿದ್ದೆ. ಮೂರು ಗಟ್ಟಿ ಏಟು, ಒಂದು ಸಣ್ಣ ಏಟು. ಅದು ನನ್ನ ಬಡಿತ. ಒಂದು ಗಂಟೆಗೆ ಹಾಲೂಡುವ ತಾಯಂದಿರು ಬಂದು ತಲುಪುತ್ತಿದ್ದರು. ಹದಿನಾಲ್ಕು ವರ್ಷ ಹೀಗೆ ನಡೆಸಿದ್ದೇನೆ, ಒಬ್ಬಳನ್ನೂ ದಾರಿ ತಪ್ಪಿಸಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಮಂಡಿನೋವಿನಿಂದ ನಾನು ಮಾತ್ರ ರಸ್ತೆಗೆ ಇಳಿಯುತ್ತಿರಲಿಲ್ಲ. ನನ್ನ ಬಾಯಿ ಜೋರು ಎಂದು ಊರಿನವರು ಹೇಳುತ್ತಾರೆ. ಹನ್ನೊಂದು ಕೂಸುಗಳ ಅಳುವಿನ ಮೇಲೆ ಮಾತಾಡಬೇಕಾದವಳ ಬಾಯಿ ಮೆತ್ತಗಿರಲು ಹೇಗೆ ಸಾಧ್ಯ?

ಈ ವರ್ಷ ಸರ್ಕಾರ ರಾಜ್ಯದ ಎಲ್ಲ ಎಕ್ಸ್‌ಪ್ರೆಸ್ ರಸ್ತೆಗಳನ್ನೂ ಎಂಟು ಪಟ್ಟಿಗೆ ಏರಿಸುತ್ತದೆ ಎಂದು ಬೋರ್ಡು ಬಿತ್ತು. ಮೇಲಿನ ಊರುಗಳಲ್ಲಿ ಆಗಲೇ ಏರಿಸಿದ್ದರು. ಅಲ್ಲಿಂದ ಸುದ್ದಿ ಬಂತು: ಸೋಮವಾರ ಬೆಳಿಗ್ಗೆ ದಾಟಲು ಹೊರಟವರು ಗುರುವಾರ ಆಕಡೆ ಸೇರುತ್ತಾರಂತೆ. ಹೊಸ ಡಾಂಬರು ಹಾಕಿದ್ದರಿಂದ ಏನೂ ಆಗುವುದಿಲ್ಲ. ಎರಡೂ ದಡಗಳಲ್ಲಿ ಹೊಸ ಪಟ್ಟಿಯನ್ನು ಬೇರೆ ಮಾಡುವ ಬಿಳಿ ಗೆರೆ ಊರಿನ ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ಕಡಿಯದೆ ಸೇರಿದ ಕ್ಷಣದಲ್ಲಿ ರಸ್ತೆ ಅಗಲವಾಗುತ್ತದೆ. ಆಕಡೆಯ ಗೆರೆ ಹೋದ ವಾರವೇ ಮುಗಿದಿತ್ತು. ಈಕಡೆಯದು ಗುರುವಾರ, ಉದ್ಘಾಟನೆ ಶುಕ್ರವಾರ ಎಂದು ಎಂಜಿನಿಯರ ಕಚೇರಿಯಿಂದ ಚೀಟಿ ಅಂಟಿಸಿದ್ದರು.

ಎಲ್ಲರೂ ಅದಕ್ಕೆ ತಕ್ಕಂತೆ ತಯಾರಾದರು. ಆರು ತಾಯಂದಿರು ಗಂಡಂದಿರನ್ನೂ ಪಾತ್ರೆಪಗಡಿಯನ್ನೂ ಕಟ್ಟಿಕೊಂಡು ಆಕಡೆಗೇ ಹೋದರು; ಊರಿನ ಕಟ್ಟು ಮುರಿದು ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ಎಲ್ಲರೂ ಗುಂಪಾಗಿ, ಒಂದೇ ದಿನ. ನಾಲ್ವರು ಗಿರಣಿ ಬಿಟ್ಟು ಈಕಡೆ ಉಳಿದರು. ನನ್ನ ಜಗುಲಿಯ ಮೇಲೆ ಉಳಿದದ್ದು ಒಂದೇ ಕೂಸು, ಪಾಲಮ್ಮನ ಜಾಜಿ. ಐದು ತಿಂಗಳಿನದು. ಪಾಲಮ್ಮನ ಗಂಡ ಲಾರಿಯವನು, ತಿಂಗಳಿಗೊಮ್ಮೆ ಮುಖ ತೋರಿಸುವವನು. ಪಾಲಮ್ಮ ತನ್ನ ಮಿಷನ್ನಿಗೆ ಬಂದ ಹೊಸ ಹುಡುಗಿಗೆ ಕೆಲಸ ಕಲಿಸಿಕೊಟ್ಟು ಬುಧವಾರಕ್ಕೆ ಬಿಡುತ್ತೇನೆ ಎಂದು ಮೇಸ್ತ್ರಿಗೆ ಮಾತು ಕೊಟ್ಟಿದ್ದಳು. "ಬುಧವಾರ ತನಕ ಒಂದಿಷ್ಟು ನೋಡ್ಕಳಕ್ಕ," ಎಂದಿದ್ದಳು. ಕೊಟ್ಟ ಮಾತು ಅಂದರೆ ಅವಳಿಗೆ ಪ್ರಾಣ.

ಜಾಜಿಯ ಪಾಡು ಬೇರೆ ಕೂಸುಗಳಂತಲ್ಲ. ಅದಕ್ಕೆ ತಾಯಿಯ ಹಾಲು ಬಿಟ್ಟು ಬೇರೇನೂ ಒಗ್ಗುತ್ತಿರಲಿಲ್ಲ. ಹಿಂದಿನ ತಿಂಗಳು ಪಾಲಮ್ಮ ಜ್ವರದಲ್ಲಿ ಗಿರಣಿಯಲ್ಲೇ ಎರಡು ದಿನ ಮಲಗಿಬಿಟ್ಟಾಗ ಎಮ್ಮೆ ಹಾಲು, ಮೇಕೆ ಹಾಲು, ಡಬ್ಬಿಯ ಪುಡಿ ಎಲ್ಲ ನೋಡಿದ್ದೆ. ಕುಡಿಸಿದ್ದೆಲ್ಲ ವಾಂತಿ. ಎರಡನೆಯ ದಿನ ಸಂಜೆಗೆ ಕಣ್ಣು ಗುಳಿಬಿದ್ದು, ಅಳುವ ದನಿಯೂ ಇಲ್ಲದೆ ಬಾಯಿ ಮಾತ್ರ ತೆರೆಯುತ್ತಿತ್ತು. "ಇನ್ನೊಂದು ದಿನ ಹೀಗೇ ಆದ್ರೆ ಉಳಿಯಲ್ಲ, ತಾಯೀನ ಕರೆಸಿ," ಎಂದಿದ್ದಳು ನರ್ಸು. ಪಾಲಮ್ಮ ಜ್ವರದಲ್ಲೇ ದಾಟಿ ಬಂದು ಉಳಿಸಿಕೊಂಡಳು.

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಕೂಸಿಗೆ ಹಾಲೂಡಿ ಪಾಲಮ್ಮ ರಸ್ತೆಗೆ ಇಳಿದಳು. ಹತ್ತು ಗಂಟೆಗೆ ನಾನು ಕೂಸಿನ ಬಟ್ಟೆ ಒಣಹಾಕುತ್ತಿದ್ದಾಗ ಸುಟ್ಟ ಬಣ್ಣದ ವಾಸನೆ ಬಂತು. ತಿರುಗಿ ನೋಡಿದರೆ ಉತ್ತರದ ಕಡೆಯಿಂದ ಬಿಳಿ ಗೆರೆ ಬರುತ್ತಿದೆ! ಮುಂದೆ ಇಬ್ಬರು ದಾರ ಕಟ್ಟುತ್ತಿದ್ದಾರೆ, ಹಿಂದೆ ಒಲೆ ಹೊತ್ತ ಗಾಡಿ ಉರುಳುತ್ತಿದೆ, ಅದರ ಹಿಂದೆ ಒಬ್ಬ ಹಸಿ ಬಣ್ಣದ ಮೇಲೆ ಗಾಜಿನ ಹರಳು ಉದುರಿಸುತ್ತಿದ್ದಾನೆ. ಕೂಸನ್ನು ಎತ್ತಿಕೊಂಡು ಓಡಿದೆ.

ಗಾಡಿಯ ಮೇಸ್ತ್ರಿ ಕರಿಬಸಪ್ಪ ಎಂಬಾತ, ಮೇಲಿನ ಊರಿನವನು. ಮುಖದ ತುಂಬ ಬಿಳಿ ಚುಕ್ಕೆ. "ಯಾರಯ್ಯಾ ನಿಂಗೆ ಇವತ್ತು ಬಳಿಯೋಕೆ ಹೇಳಿದ್ದು? ಗುರುವಾರ ಅಂತ ಚೀಟಿ ಅಂಟ್ಸಿಲ್ವಾ? ಕಣ್ಣು ಕಾಣಲ್ವಾ?" ಎಂದೆ.

"ಚೀಟಿ ನಾನು ಅಂಟಿಸಿದ್ದಲ್ಲ ತಾಯಿ. ಶುಕ್ರವಾರ ಮಂತ್ರಿಗಳಿಗೆ ಪುರುಸೊತ್ತಿಲ್ಲವಂತೆ. ಇವತ್ತೇ ಬತ್ತಾರಂತೆ, ಸಂಜೆಗೆ ಉದ್ಘಾಟನೆಯಂತೆ. ಬೆಳಗಿನ ಜಾವ ಫೋನ್ ಬಂತು, ಎದ್ದು ಬಂದ್ವಿ."

"ಯಾವಾಗ ಸೇರ್ತೈತೆ?"

ಅವನು ದಕ್ಷಿಣದ ಕಡೆ ಕೈ ತೋರಿಸಿದ. ಅಲ್ಲಿಂದಲೂ ಇನ್ನೊಂದು ಗಾಡಿ ಬರುತ್ತಿತ್ತು. "ಲಾರಿ ತೂಕ ಹಾಕೋ ಕಟ್ಟೆ ಐತಲ್ಲ, ಅದರ ಮುಂದೆ ಎರಡೂ ಸೇರ್ತವೆ. ಹನ್ನೆರಡೂವರೆ, ಹೆಚ್ಚಂದ್ರೆ ಹನ್ನೆರಡು ಮುಕ್ಕಾಲು."

ಹನ್ನೆರಡಕ್ಕೆ ಪಾಲಮ್ಮ ಹೊರಟರೆ ಹನ್ನೆರಡೂವರೆಗೆ ನಡುರಸ್ತೆಯಲ್ಲಿರುತ್ತಾಳೆ. ಗಿರಣಿಯ ಗೇಟಿಗೆ ಫೋನು ಮಾಡಿಸಿದೆ. "ಹನ್ನೆರಡರ ಕೂಗಿಗೆ ಮುಂಚೆ ಒಳಗಿನವರನ್ನ ಕರೆಯೋ ಹಾಗಿಲ್ಲ," ಎಂದ ಗೇಟಿನವನು. ಬಾಯಿಗೆ ಬಂದಂತೆ ಬೈದೆ. ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ.

ಮನೆಯಿಂದ ತಟ್ಟೆ ಸೌಟು ಎತ್ತಿಕೊಂಡು, ಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ತೂಕದ ಕಟ್ಟೆಯ ಕಡೆಗೆ ಹೋದೆ. ನನ್ನ ಗೂಟದಿಂದ ಅಲ್ಲಿಗೆ, ಆಸ್ಪತ್ರೆಯ ದಿಕ್ಕಿನಲ್ಲಿ, ಅರ್ಧ ಮೈಲಿ. ದಾರಿಯಲ್ಲಿ ಪಕ್ಕದ ಮನೆಯ ಓಬಕ್ಕ, "ಎಲ್ಲಿಗೆ ಹೊಂಟೆ, ಬಿಸ್ಲಲ್ಲಿ ಕೂಸು ಕಟ್ಕೊಂಡು?" ಎಂದು ಕೂಗಿದಳು. ಬಚ್ಚಲ ನೀರಿನ ವಿಷಯದಲ್ಲಿ ನಮಗಿಬ್ಬರಿಗೂ ಮೂರು ತಿಂಗಳಿಂದ ಮಾತಿರಲಿಲ್ಲ. ಅವಳಾಗಿ ಮಾತಾಡಿಸಿದ್ದಳು. ನಾನು ಮುಖ ತಿರುಗಿಸಿಕೊಂಡು ಹೋದೆ. ಆಗ ಒಂದು ಮಾತು ಹೇಳಿದ್ದರೆ ಏನು ಕಳೆದುಹೋಗುತ್ತಿತ್ತು ನನ್ನದು? ಇದನ್ನು ನೆನೆದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ತೂಕದ ಕಟ್ಟೆಯ ಮುಂದೆ ದಾರ ಕಟ್ಟಿ ಆಗಿತ್ತು. ನಾನು ಹೋಗಿ ಸರಿಯಾಗಿ ಆ ದಾರದ ಮೇಲೆ, ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟೆ. ಹೇಳಿದ ಹೊತ್ತಿಗಿಂತ ಮುಂಚೆಯೇ ಎರಡೂ ಕಡೆಯಿಂದ ಗಾಡಿಗಳು ಬಂದು ನನ್ನಿಂದ ಹತ್ತು ಮಾರು ದೂರದಲ್ಲಿ ನಿಂತವು. ಒಲೆಯ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು.

"ಏಳು ತಾಯಿ," ಎಂದ ಕರಿಬಸಪ್ಪ. "ಬಣ್ಣ ಕಾಯ್ತಾ ಕಾಯ್ತಾ ಹಳದಿಗೆ ತಿರುಗ್ತೈತೆ. ಒಲೆ ಆರಿಸಿದ್ರೆ ಕಡಾಯೀಲೇ ಕಲ್ಲಾಗ್ತೈತೆ. ನಮ್ಮನ್ನ ಬೀದಿಗೆ ನಿಲ್ಲಿಸ್ಬೇಡ."

"ಒಂದು ಗಂಟೆಗೆ ಈ ಕೂಸಿನ ತಾಯಿ ದಡ ಹತ್ತುತ್ತಾಳೆ. ಅವಳ ಕಾಲು ಮಣ್ಣು ಮುಟ್ಟಿದ ಮೇಲೆ ನೀನು ಗೆರೆನಾದ್ರೂ ಬಳಿ, ಹಸೆನಾದ್ರೂ ಬರಿ. ಅಲ್ಲೀತನಕ ಏಳಲ್ಲ."

ಜೀಪು ಬಂತು. ಎಂಜಿನಿಯರ ಹೆಸರು ವೈಜಯಂತಿ, ಚಿಕ್ಕ ವಯಸ್ಸು, ಬಿಸಿಲಿಗೆ ಮುಖ ಕಂದಿಹೋಗಿತ್ತು. ಕೂಗಾಡಲಿಲ್ಲ. ನನ್ನೆದುರು ಕುಕ್ಕರುಗಾಲಲ್ಲಿ ಕೂತು, "ಅಮ್ಮಾ, ಮಂತ್ರಿಗಳ ಕಾರು ಹೊರಟಾಗಿದೆ. ಈ ರಸ್ತೆಯಲ್ಲಿ ಹೊರಟರೆ ಎಷ್ಟು ಬೇಗ ಬರುತ್ತಾರೆ ಅಂತ ನಿಮಗೆ ಗೊತ್ತು. ಇಡೀ ರಾಜ್ಯದಲ್ಲಿ ಈ ಇಪ್ಪತ್ತು ಮಾರೇ ಉಳಿದಿರೋದು. ನನ್ನ ಕೈಲಿ ನಿಲ್ಲಿಸೋಕೆ ಆಗಲ್ಲ," ಎಂದಳು.

"ಇಡೀ ರಾಜ್ಯಕ್ಕೆ ಕಾಯೋಕೆ ಆಗಲ್ಲ ಅಂದ್ರೆ ಈ ಐದು ತಿಂಗಳ ಕೂಸಿಗೆ ಆಗ್ತೈತಾ? ಮೂರು ದಿನ ಇದು ಹಾಲಿಲ್ಲದೆ ಬದುಕ್ತೈತಾ, ನೀನೇ ಹೇಳವ್ವ."

ಅವಳು ಕೂಸನ್ನು ನೋಡಿದಳು. ಗಡಿಯಾರ ನೋಡಿದಳು. "ಒಂದು ಗಂಟೆ ಹೊಡೆಯೋವರೆಗೆ. ಅದರ ಮೇಲೆ ಒಂದು ನಿಮಿಷವೂ ಇಲ್ಲ," ಎಂದಳು. ಅವಳ ಮಾತಿನ ಮೇಲೆ ನನಗೆ ನಂಬಿಕೆ ಬಂತು. ನಾನು ಗೆದ್ದೆ ಅಂದುಕೊಂಡೆ. ಸುತ್ತ ಸೇರಿದ್ದ ಜನ, "ಭಲೇ ಮುದ್ದೀರಕ್ಕ!" ಎಂದರು. ನನಗೂ ಒಳಗೊಳಗೆ ಜಂಬ.

ಹನ್ನೆರಡಕ್ಕೆ ಗಿರಣಿ ಕೂಗಿತು. ಹದಿನಾಲ್ಕು ವರ್ಷದ ಕೈ. ಕೂಗು ಕಿವಿಗೆ ಬಿದ್ದದ್ದೇ ತಟ್ಟೆ ಎಡಗೈಗೆ, ಸೌಟು ಬಲಗೈಗೆ ಬಂದವು. ಮೂರು ಗಟ್ಟಿ ಏಟು, ಒಂದು ಸಣ್ಣ ಏಟು. ಎಲ್ಲಿ ಕೂತಿದ್ದೇನೆ ಎಂಬ ಪರಿವೆ ನನಗೆ ಇರಲಿಲ್ಲ. ಸುತ್ತ ಊರಿಗೆ ಊರೇ ಕೇಳುತ್ತ ನಿಂತಿತ್ತು, ಒಬ್ಬರಿಗೂ ಹೊಳೆಯಲಿಲ್ಲ. ತಟ್ಟೆಯ ಸದ್ದು ನಮಗೆ ಉಸಿರಾಟದ ಹಾಗೆ ರೂಢಿಯಾಗಿಬಿಟ್ಟಿದೆ, ಎಲ್ಲಿಂದ ಬರುತ್ತಿದೆ ಎಂದು ಯಾರು ಕೇಳುತ್ತಾರೆ?

ಜಾಜಿ ಎಚ್ಚರಗೊಂಡು ಹಸಿವಿಗೆ ರಾಗ ಎಳೆಯತೊಡಗಿತು. ಒಂದು ಕಾಲಲ್ಲಿ ತೂಗುತ್ತ, ಬಡಿಯುತ್ತ ಕೂತಿದ್ದೆ. ಹನ್ನೆರಡೂವರೆ ದಾಟಿತು. ಅರ್ಧ ದಾಟಿದವರು ದಡದವರಿಗೆ ಚುಕ್ಕೆಯಾಗಿ ಕಾಣತೊಡಗುತ್ತಾರೆ. ನಾನು ಎದುರಿಗೇ ನೋಡುತ್ತಿದ್ದೆ, ಚುಕ್ಕೆ ಕಾಣಲಿಲ್ಲ. ಹನ್ನೆರಡು ನಲವತ್ತಾಯಿತು. ಆಗ ಓಬಕ್ಕ ಸೆರಗು ಕಟ್ಟಿಕೊಂಡು ಓಡಿಬರುವುದು ಕಂಡಿತು. ಅವಳು ತನ್ನ ಮಾಳಿಗೆಯ ಮೇಲಿಂದ ನೋಡಿದ್ದಳು.

"ಅಯ್ಯೋ ನಿನ್ ಮನೆ ಹಾಳಾಗ! ಇಲ್ಲಿ ಕೂತು ಯಾಕೆ ಬಡೀತಿದ್ದೀಯೇ? ಅವ್ಳು ನಿನ್ ಗೂಟದ ನೇರಕ್ಕೆ ಇಳಿದವ್ಳು, ನಿನ್ ಸದ್ದಿಗೆ ತಿರುಗಿ ಓರೆ ಬತ್ತಾವ್ಳೆ! ನಾನು ನೋಡ್ತಾನೇ ಇವ್ನಿ, ನಡೀತಾಳೆ ನಡೀತಾಳೆ, ಒಂದು ಅಂಗುಲನೂ ಹತ್ರ ಬತ್ತಾ ಇಲ್ಲ!"

ನನ್ನ ಕೈಯಿಂದ ಸೌಟು ಬಿತ್ತು. ಹದಿನಾಲ್ಕು ವರ್ಷ ಒಬ್ಬಳನ್ನೂ ದಾರಿ ತಪ್ಪಿಸದ ನಾನು, ಇವತ್ತು, ಇವತ್ತೇ! ಸೌಟು ಬಿದ್ದಿತೆಂದರೆ ಬಡಿತ ನಿಂತಿತು; ಬಡಿತ ನಿಂತಿತೆಂದರೆ ಅವಳು ಯಾವುದೋ ಗೆರೆಯ ಮೇಲೆ ನಿಂತುಬಿಟ್ಟಿದ್ದಾಳೆ. ಇಲ್ಲೇ ಬಡಿದರೆ ಓರೆ ಎಳೆದಂತೆ, ಬಡಿಯದಿದ್ದರೆ ನಿಲ್ಲಿಸಿದಂತೆ, ಎದ್ದು ಗೂಟಕ್ಕೆ ಓಡಿದರೆ ದಾರ ಬಿಟ್ಟುಕೊಟ್ಟಂತೆ. ನಾನು ಬೇರೆಯವರ ಕೈಗೆ ತಟ್ಟೆ ಕೊಡುವ ಹಾಗೂ ಇರಲಿಲ್ಲ. ಬೇರೆ ಕೈಯ ಬಡಿತಕ್ಕೆ ಪಾಲಮ್ಮ ಒಂದು ಹೆಜ್ಜೆಯನ್ನೂ ಇಡುವವಳಲ್ಲ.

ಓಬಕ್ಕ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. "ಕೂಸು ಇಲ್ ಕೊಡು. ನಾನ್ ಕೂರ್ತೀನಿ. ನೀನ್ ಹೋಗು ಗೂಟಕ್ಕೆ." ಹೇಳಿದವಳೇ ನನ್ನ ಸೊಂಟದ ಬಟ್ಟೆ ಬಿಚ್ಚಿ ಕೂಸನ್ನು ತನ್ನ ಮಡಿಲಿಗೆ ಹಾಕಿಕೊಂಡು ದಾರದ ಮೇಲೆ ಕೂತಳು. ಮೂರು ತಿಂಗಳು ನಾನು ಮುಖ ತಿರುಗಿಸಿದ್ದ ಹೆಂಗಸು. ತಟ್ಟೆ ಸೌಟು ಎದೆಗೊತ್ತಿಕೊಂಡು ಓಡಿದೆ. ಮಂಡಿ ಚೂರಿ ಹಾಕಿದಂತೆ ನೋಯುತ್ತಿತ್ತು. ಹಿಂದಿನಿಂದ ಜಾಜಿಯ ಅಳು ಕೇಳುತ್ತಿತ್ತು, ಆಮೇಲೆ ಅದೂ ಕೇಳಿಸಲಿಲ್ಲ.

ಗೂಟದ ಬಳಿ ಬಿದ್ದೆನೋ ಕೂತೆನೋ, ಬಡಿಯತೊಡಗಿದೆ. ಮೂರು ಗಟ್ಟಿ, ಒಂದು ಸಣ್ಣದು. ಈಗ ಚುಕ್ಕೆ ಕಂಡಿತು. ಎಡಕ್ಕೆ, ಬಹಳ ಎಡಕ್ಕೆ ಸರಿದುಹೋಗಿತ್ತು. ಒಂದು ಗಳಿಗೆ ಅಲ್ಲಾಡದೆ ನಿಂತಿತ್ತು. ಆಮೇಲೆ ತಿರುಗಿತು. ತಿರುಗಿ ಎದುರಿಗಿನ ಪಟ್ಟಿಗೆ ನೇರ ಹೆಜ್ಜೆ ಇಟ್ಟಿತು. "ಬಾರವ್ವ, ಬಾ, ಬಾ ನನ್ನವ್ವ," ಎಂದು ಗಟ್ಟಿಯಾಗಿ ಅರಚುತ್ತ ಬಡಿದೆ. ಚುಕ್ಕೆಗೆ ಕೈಕಾಲು ಬಂದವು. ಸೀರೆಯ ಕೆಂಪು ಕಂಡಿತು. ಹಳೆಯ ರಸ್ತೆಯ ಕೊನೆಯ ಪಟ್ಟಿಗೆ ಬಂದಳು. ಇನ್ನು ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಓಬಕ್ಕ ಕೂತಿದ್ದಾಳಲ್ಲ, ಕೂಸು ಮಡಿಲಲ್ಲಿರುವವಳನ್ನು ಯಾರೂ ಮುಟ್ಟುವುದಿಲ್ಲ ಎಂದು ನನ್ನ ಧೈರ್ಯ.

ಯಾರೂ ಮುಟ್ಟಲಿಲ್ಲ, ನಿಜ. ಒಂದು ಗಂಟೆಯಾಯಿತು. ಮಂತ್ರಿಗಳ ಕಾರು ಹಿಂದಿನ ಊರು ದಾಟಿತೆಂದು ಎಂಜಿನಿಯರಿಗೆ ಫೋನು ಬಂತಂತೆ. ಅವಳು ಓಬಕ್ಕನ ಎದುರು ಎರಡು ನಿಮಿಷ ಕೈ ಮುಗಿದು ನಿಂತಳಂತೆ. ಓಬಕ್ಕ ಏಳಲಿಲ್ಲ. ಆಗ ಅವಳು ಕರಿಬಸಪ್ಪನಿಗೆ, "ಸುತ್ತಿಸಿ ಬಳಿಯಿರಿ," ಎಂದಳಂತೆ. ಗೆರೆ ನೆಟ್ಟಗಿರಬೇಕು ಎಂದೇನೂ ಇರಲಿಲ್ಲ, ಸೇರಿದರೆ ಸಾಕಿತ್ತು. ಹೆಣಕ್ಕೆ ಸುತ್ತು ಬರುವವರ ಹಾಗೆ ಓಬಕ್ಕನ ಸುತ್ತ ಕೈಗಾಡಿ ಉರುಳಿಸಿ, ಡೊಂಕಾಗಿ ಬಳಿದು, ದಕ್ಷಿಣದಿಂದ ಬಂದ ಗೆರೆಯ ತುದಿಗೆ ಕೂಡಿಸಿಬಿಟ್ಟರು. ಕರಿಬಸಪ್ಪ ಬಳಿಯುವಾಗ ಅಳುತ್ತಿದ್ದ ಎಂದು ಓಬಕ್ಕ ಹೇಳುತ್ತಾಳೆ. ಅತ್ತರೆ ಏನು ಬಂತು, ಬಳಿದನಲ್ಲ!

ಇತ್ತ ನನ್ನ ಕಣ್ಣೆದುರಿಗೇ ಪಾಲಮ್ಮ ಚಿಕ್ಕವಳಾದಳು. ಅವಳ ಮೂಗು ಬಾಯಿ ಕಾಣುವಷ್ಟು ಹತ್ತಿರ ಬಂದಿದ್ದಳು, ಕೈ ಬೇರೆ ಬೀಸಿದ್ದಳು. ಬೀಸಿದ ಕೈಯ ಸಮೇತ ಹಿಂದಕ್ಕೆ, ಹಿಂದಕ್ಕೆ ಹೋಗಿ ಸಾಸಿವೆ ಕಾಳಿನಷ್ಟಾಗಿ, ಆಮೇಲೆ ಇಲ್ಲವೇ ಇಲ್ಲ. ನನ್ನ ಪಾದದ ಮುಂದಿನಿಂದ ಡಾಂಬರು ಆಕಾಶದವರೆಗೆ ಹಬ್ಬಿಕೊಂಡಿತ್ತು. ನಾನು ಗೋಳೋ ಎಂದು ಅತ್ತೆ. ಆದರೂ ಕೈ ತಟ್ಟೆ ಬಡಿಯುವುದನ್ನು ಬಿಟ್ಟಿರಲಿಲ್ಲ.

ಓಬಕ್ಕ ಕೂಸಿನ ಸಮೇತ ಓಡಿ ಬಂದಳು. ಅವಳ ಸೀರೆಯ ಅಂಚಿಗೆಲ್ಲ ಬಿಳಿ ಬಣ್ಣ. ಜಾಜಿ ಅತ್ತೂ ಅತ್ತೂ ದನಿ ಕಟ್ಟಿ ಬಿಕ್ಕುತ್ತಿತ್ತು. ಬೆಳಿಗ್ಗೆ ಎಂಟೂವರೆಯ ಹಾಲು ಅದರ ಹೊಟ್ಟೆಯಲ್ಲಿ ಎಷ್ಟು ಹೊತ್ತು ಇರುತ್ತದೆ?

"ಒಂದೂವರೆ ಪಟ್ಟಿ ಉಳಿದೈತೆ ಅವ್ಳಿಗೆ," ಎಂದೆ. "ಅವ್ಳೊಬ್ಳೇ ನಡೆದ್ರೆ ನಾಳೆ ಮಧ್ಯಾಹ್ನ ಆಗ್ತೈತೆ. ನಾನೂ ಎದುರು ನಡೆದ್ರೆ ಇವತ್ತು ಸಂಜೆ."

"ಕೂಸನ್ನ ರಸ್ತೆಗೆ ಇಳಿಸ್ತೀಯಾ? ನಿನ್ ಮಂಡಿ?"

"ಮಂಡಿಗೆ ಬೆಂಕಿ ಬೀಳ್ಲಿ. ಕಟ್ಟು ಕೂಸನ್ನ ನನ್ ಬೆನ್ನಿಗೆ. ನಿನ್ ತಟ್ಟೆ ತಂದು ಇಲ್ಲಿ ಕೂತು ಬಡಿ. ವಾಪಸು ಬರೋಕೆ ನಂಗೆ ನಿನ್ ಸದ್ದು ಬೇಕು. ನಿಲ್ಲಿಸ್ಬೇಡ."

"ಸಾಯೋವರ್ಗೂ ನಿಲ್ಸಲ್ಲ, ಹೋಗು," ಎಂದಳು.

ನಾನು ರಸ್ತೆಗೆ ಇಳಿದೆ. ಹೊಸ ಪಟ್ಟಿಯ ಮೇಲೆ ಇನ್ನೂ ಗಾಡಿ ಬಿಟ್ಟಿರಲಿಲ್ಲ. ಹೊಸ ಡಾಂಬರಿನ ಕಾವು ಚಪ್ಪಲಿ ದಾಟಿ ಅಂಗಾಲು ಸುಡುತ್ತಿತ್ತು. ಬೆನ್ನ ಹಿಂದೆ ಓಬಕ್ಕನ ತಟ್ಟೆ, ಎರಡು ಏಟು, ಬಿಡುವು, ಎರಡು ಏಟು. ಕೈಯಲ್ಲಿ ನನ್ನ ತಟ್ಟೆ, ಮೂರು ಗಟ್ಟಿ, ಒಂದು ಸಣ್ಣದು. ಅದು ನಿಂತರೆ ಪಾಲಮ್ಮ ನಿಲ್ಲುತ್ತಾಳೆ, ಹಾಗಾಗಿ ನೀರು ಕುಡಿಯುವಾಗಲೂ ಓಬಕ್ಕ ಕೊಟ್ಟಿದ್ದ ಚೊಂಬನ್ನು ಮೊಣಕೈಯಲ್ಲಿ ಒತ್ತಿ ಹಿಡಿದು ಬಡಿದೆ. ಒಂದು ಗಂಟೆ ನಡೆದ ಮೇಲೆ ಹಿಂದಿನ ದಡ ಕಾಣಲಿಲ್ಲ. ಮುಂದೆ ಏನೂ ಕಾಣಲಿಲ್ಲ. ಕೂಸು ಅಳು ನಿಲ್ಲಿಸಿತ್ತು. ಅತ್ತರೂ ಕಷ್ಟ, ಅಳದಿದ್ದರೆ ಜೀವವೇ ಬಾಯಿಗೆ ಬರುತ್ತಿತ್ತು. ಏಟಿನ ಬಿಡುವಿನಲ್ಲಿ ಕೈ ಹಿಂದಕ್ಕೆ ಚಾಚಿ ಅದರ ಕಾಲು ಚಿವುಟುತ್ತಿದ್ದೆ. ಒಂದಿಷ್ಟು ಕುಂಯ್ ಅಂದರೆ ಸಮಾಧಾನ. ಮೂರನೆಯ ಗಂಟೆಯಲ್ಲಿ ಚಿವುಟಿದಾಗ ಕುಂಯ್ ಕೂಡ ಅನ್ನಲಿಲ್ಲ. ನಾನು ಓಡಿದೆ. ನನ್ನ ವಯಸ್ಸಿನಲ್ಲಿ, ನನ್ನ ಮಂಡಿಯಲ್ಲಿ ಅದನ್ನು ಓಟ ಅನ್ನುವುದಾದರೆ ಓಡಿದೆ.

ಹೊಸ ಬಿಳಿ ಗೆರೆ ಹತ್ತಿರವಾಯಿತು. ಹೊರಗಿನಿಂದ ನೋಡಿದರೆ ಗೇಣಗಲ ಇರುವ ಗೆರೆ ಒಳಗೆ ಹೋದವರಿಗೆ ಹಜಾರದಷ್ಟು ಅಗಲ. ಗೆರೆಯ ಆಚೆ ಅಂಚಿನಲ್ಲಿ ಕೆಂಪು ಸೀರೆ ಕಂಡಿತು. ಅವಳೂ ಓಡುತ್ತಿದ್ದಳು. ಚಪ್ಪಲಿ ಇರಲಿಲ್ಲ. ನಾನು ಬೆನ್ನ ಗಂಟು ಬಿಚ್ಚಲು ಹೋದರೆ ಅದು ಬೆವರಿಗೆ ಬಿಗಿದು ಬಿಚ್ಚಲೇ ಇಲ್ಲ. ಅವಳೇ ಹಲ್ಲಿನಿಂದ ಕಚ್ಚಿ ಹರಿದು ಕೂಸನ್ನು ತೆಗೆದುಕೊಂಡಳು.

ಅವಳ ರವಿಕೆ ಹಾಲಿನಿಂದ ತೊಯ್ದಿತ್ತು. ಮೊಲೆ ಬಾಯಿಗಿಟ್ಟರೆ ಕೂಸು ಚೀಪಲಿಲ್ಲ. ತುಟಿ ಒಣಗಿತ್ತು. ಪಾಲಮ್ಮ ಅದರ ಕೆನ್ನೆ ತಟ್ಟಿದಳು, ಹೆಸರು ಕರೆದಳು, ಹಾಲನ್ನು ಹಿಂಡಿ ತುಟಿಯ ಮೇಲೆ ಬಿಟ್ಟಳು. ಒಂದು ಸಲ. ಎರಡು ಸಲ. ನಾನು ದೇವರನ್ನು ಬೈದೆ. ಮೂರನೆಯ ಸಲ ಜಾಜಿಯ ನಾಲಿಗೆ ಆಡಿತು. ಆಮೇಲೆ ಗಬಕ್ಕನೆ ಕಚ್ಚಿಕೊಂಡು, ಉಸಿರು ಸಿಕ್ಕಿಕೊಳ್ಳುವ ಹಾಗೆ ಕುಡಿಯತೊಡಗಿತು. ಪಾಲಮ್ಮ "ಅಮ್ಮಾ" ಎಂದು ದೊಡ್ಡದಾಗಿ ಅತ್ತಳು. ನಾನು ಅವಳ ಪಕ್ಕದಲ್ಲೇ ಕುಸಿದೆ. ಬಣ್ಣ ಇನ್ನೂ ಬೆಚ್ಚಗಿತ್ತು. ಗಾಜಿನ ಹರಳು ಅಂಗೈಗೆಲ್ಲ ಅಂಟಿಕೊಂಡವು.

ಅಷ್ಟರಲ್ಲಿ ಹೊಸ ಪಟ್ಟಿಗೆ ಗಾಡಿ ಬಿಟ್ಟರು. ಹೂವು ಕಟ್ಟಿದ ಕಾರುಗಳ ಸಾಲು ಗೆರೆಯ ಎರಡೂ ಕಡೆಯಿಂದ ಗಾಳಿಯಂತೆ ಹೋಯಿತು. ಯಾರೋ ಗಾಜು ಇಳಿಸಿ ನಮಗೆ ಕೈ ಬೀಸಿದರು. ಯಾರೆಂದು ನಾವು ನೋಡಲಿಲ್ಲ.

ಕೂಸು ಒಂದು ಮೊಲೆ ಮುಗಿಸಿ ಇನ್ನೊಂದಕ್ಕೆ ಹೋದಾಗ ನಾನು ಬಾಯಿ ಬಿಟ್ಟೆ. ಒಳಗಿಟ್ಟುಕೊಂಡರೆ ಸತ್ತುಹೋಗುತ್ತೇನೆ ಅನ್ನಿಸಿತು. "ಪಾಲಿ, ನಾನು ಪಾಪಿ ಕಣೆ. ತೂಕದ ಕಟ್ಟೆ ಹತ್ರ ಗೆರೆ ತಡೆಯೋಕೆ ಕೂತಿದ್ದೆ. ಬುದ್ಧಿ ಇಲ್ದೆ ಅಲ್ಲೇ ಬಡಿದೆ. ನಿನ್ನ ಓರೆ ಎಳೆದದ್ದು ನಾನೇ. ನೇರ ಬಂದಿದ್ರೆ ಒಂದು ಗಂಟೆಗೆ ಮನೇಲಿರ್ತಿದ್ದೆ ನೀನು."

ಅವಳು ಕೂಸಿನ ತಲೆ ಸವರುತ್ತಿದ್ದಳು. "ಗೊತ್ತಾಗಿತ್ತು ಕಣಕ್ಕ," ಎಂದಳು.

"ಏನು ಗೊತ್ತಾಗಿತ್ತು?"

"ಸದ್ದು ಓರೆ ಬತ್ತಾ ಐತೆ ಅಂತ. ಇಳಿದು ನಾಲ್ಕು ಹೆಜ್ಜೆಗೇ ಗೊತ್ತಾಯ್ತು. ಮೂರು ವರ್ಷದಿಂದ ದಿನಾ ದಾಟ್ತೀನಿ, ಅಷ್ಟೂ ತಿಳಿಯಲ್ವಾ ನಂಗೆ?"

"ಗೊತ್ತಿದ್ದೂ ಯಾಕೆ ತಿರುಗ್ದೆ? ನೇರ ಬರೋದಲ್ವಾ ನೀನು?"

"ಮುದ್ದೀರಕ್ಕ ಅಲ್ಲಿ ಬಡೀತಾವ್ಳೆ ಅಂದ್ರೆ ನನ್ ಕೂಸು ಅಲ್ಲೇ ಐತೆ ಅಂತ ಅಲ್ವಾ? ನೀನು ಎಲ್ಲಿದ್ರೆ ಅದೂ ಅಲ್ಲಿ. ಏನೋ ಆಗೈತೆ, ಆಸ್ಪತ್ರೆ ಕಡೆಗೆ ಎತ್ಕಂಡು ಹೋಗವ್ಳೆ ಅಂದ್ಕಂಡೆ. ಓರೆಯೋ ನೇರವೋ ನಂಗೆ ಯಾಕೆ? ಕೂಸಿನ ಕಡೆಗೆ ನಡೆದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಆಮೇಲೆ ನೀನು ವಾಪಸು ಗೂಟಕ್ಕೆ ಹೋಗಿ ಬಡಿದೆ ನೋಡು, ಆಗ ಜೀವ ಬಂತು. ಸದ್ಯ, ಕೂಸನ್ನ ಮನೆಗೆ ತಂದ್ಲು ಅಂತ."

ಅವಳಿಗೆ ಜೀವ ಬಂದ ಆ ಹೊತ್ತಿನಲ್ಲಿ ಕೂಸು ನನ್ನ ಹತ್ತಿರ ಇರಲಿಲ್ಲ. ಅರ್ಧ ಮೈಲಿ ದೂರದಲ್ಲಿ, ಬಿಸಿಲಲ್ಲಿ, ಕುದಿಯುವ ಬಣ್ಣದ ಕಡಾಯಿಯ ಪಕ್ಕದಲ್ಲಿ, ಇನ್ನೊಬ್ಬರ ಮಡಿಲಲ್ಲಿ ಅಳುತ್ತಿತ್ತು. ಇದೊಂದನ್ನು ಅವಳಿಗೆ ಹೇಳಿಲ್ಲ; ಓಬಕ್ಕನಿಗೂ ಅಲ್ಲಿ ನಿಂತಿದ್ದವರಿಗೂ ಬಾಯಿ ಬಿಡಬೇಡಿರೆಂದು ಕೈ ಮುಗಿದು ಕೇಳಿಕೊಂಡಿದ್ದೇನೆ. ಜಾಜಿ ಈಗ ಗೋಡೆ ಹಿಡಿದು ನಡೆಯುತ್ತದೆ. ಪಾಲಮ್ಮ ಇವತ್ತಿಗೂ ಅದನ್ನು ಬೆಳಿಗ್ಗೆ ನನ್ನ ಜಗುಲಿಯ ಮೇಲೆ ಬಿಟ್ಟು, ಒಮ್ಮೆಯೂ ತಿರುಗಿ ನೋಡದೆ, ಈಕಡೆಯಲ್ಲೇ ಸಿಕ್ಕ ಕೆಲಸಕ್ಕೆ ಹೋಗುತ್ತಾಳೆ.